ಸಿಐಎ ಮುಖ್ಯಸ್ಥರೇ ಕ್ಲಿಯರೆನ್ಸ್ ಕಳ್ಕೊಂಡ ಕಥೆ

ಹೋದ ರಜೆಯಲ್ಲಿ ನಾವು ನಾಲ್ಕು ಜನ ಒಂದು ಕಂಪನಿಗೆ ಇಂಟರ್ನ್‌ಶಿಪ್‌ಗೆ ಹೋಗಿದ್ದೆವು. ಮೊದಲನೇ ದಿನವೇ ಆರು ಪುಟದ ಎನ್‌ಡಿಎ ಕೈಗೆ ಕೊಟ್ಟರು. ಓದಿದೆವಾ? ಇಲ್ಲ. ಆ್ಯಪ್ ಹಾಕಿಕೊಳ್ಳುವಾಗ 'ಐ ಅಗ್ರಿ' ಒತ್ತುತ್ತೀವಲ್ಲ, ಹಾಗೆ ಸೈನ್ ಮಾಡಿ ಕೊಟ್ಟೆವು. ಎರಡನೇ ವಾರ ಒಂದು ಬೋರ್ಡಿನ ಲೇಔಟ್ ಎಷ್ಟು ನೋಡಿದರೂ ತಲೆಗೆ ಹೋಗಲಿಲ್ಲ. ಪಿಜಿಗೆ ಹೋಗಿ ರಾತ್ರಿ ಕೂತು ನೋಡೋಣ ಅಂತ ಸ್ಕ್ರೀನಿನ ಫೋಟೋ ಹೊಡೆದು ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ಮಾರನೇ ದಿನ ಅದೇ ಫೋಟೋನ ಫೋನಿನಲ್ಲಿ ಜೂಮ್ ಮಾಡಿ ತೋರಿಸಿ ನಮ್ಮ ಮೆಂಟರ್ ಹತ್ತಿರವೇ ಡೌಟ್ ಕೇಳಿದೆವು. ನಮ್ಮ ಜಾಣತನ ನೋಡಿ!

ಮೆಂಟರ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಫೋಟೋ ಡಿಲೀಟ್ ಮಾಡಿಸಿದರು, ಎರಡು ದಿನ ನಮ್ಮ ಲಾಗಿನ್ ಬಂದ್ ಮಾಡಿಸಿದರು. "ಕೆಲಸ ಮಾಡೋಕೆ ಅಂತ ತಗೊಂಡು ಹೋದ್ವಿ ಸರ್, ಬೇರೆ ಉದ್ದೇಶ ಏನೂ ಇರಲಿಲ್ಲ" ಅಂದೆವು. "ಜಾನ್ ಡಾಯ್ಚ್ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ. ಯಾರು ಅಂತ ನೋಡಿ, ಎರಡು ದಿನ ಹೇಗೂ ಖಾಲಿ ಇರ್ತೀರಲ್ಲ" ಅಂದರು.

ನೋಡಿದೆವು. ನೋಡಿದ ಮೇಲೆ ಈ ಲೇಖನ ಬರೀಬೇಕು ಅನ್ನಿಸಿತು.

ಮೊದಲು ಈ ಸೆಕ್ಯೂರಿಟಿ ಕ್ಲಿಯರೆನ್ಸ್ ಅಂದರೆ ಏನು ಅಂತ ಹೇಳಿಬಿಡ್ತೀವಿ. 'ಓಪನ್‌ಹೈಮರ್' ಸಿನಿಮಾ ಹಾಸ್ಟೆಲಿನಲ್ಲಿ ನೋಡದೇ ಇರೋರು ಕಡಿಮೆ. ಅದರಲ್ಲಿ ಒಂದು ಇಕ್ಕಟ್ಟಾದ ಕೋಣೆಯಲ್ಲಿ ವಿಚಾರಣೆ ನಡೆಯುತ್ತಲ್ಲ, ಅದು ಕೋರ್ಟಲ್ಲ. ಅವರಿಗೆ ಜೈಲಾಗುತ್ತಾ ಇಲ್ವಾ ಅನ್ನೋದು ಅಲ್ಲಿನ ಪ್ರಶ್ನೆಯೂ ಅಲ್ಲ. ಸರ್ಕಾರದ ಅಣು ರಹಸ್ಯಗಳನ್ನು ನೋಡುವ ಅನುಮತಿ ಅವರಿಗೆ ಇರಬೇಕಾ ಬೇಡವಾ, ಅಷ್ಟೇ. 1954ರ ಜೂನ್ 29ರಂದು ಅಣುಶಕ್ತಿ ಆಯೋಗ 4-1 ಮತಗಳಿಂದ ಬೇಡ ಅಂತ ತೀರ್ಮಾನಿಸಿತು. ತಮಾಷೆ ಅಂದರೆ ಅವರ ಕಾಂಟ್ರಾಕ್ಟ್ ಮಾರನೇ ದಿನ ಹೇಗಿದ್ದರೂ ಮುಗಿಯುತ್ತಿತ್ತು. 2022ರ ಡಿಸೆಂಬರ್‌ನಲ್ಲಿ, ಅಂದರೆ ಅವರು ತೀರಿಕೊಂಡು ಐವತ್ತೈದು ವರ್ಷ ಆದ ಮೇಲೆ, ಅಮೆರಿಕದ ಇಂಧನ ಇಲಾಖೆ ಆ ತೀರ್ಮಾನವನ್ನು ರದ್ದು ಮಾಡಿತು.

ಆದರೆ ಓಪನ್‌ಹೈಮರ್ ಅವರದು ಯಾರ ಜೊತೆ ಸ್ನೇಹ, ಯಾವ ಅಭಿಪ್ರಾಯ, ಯಾರಿಗೆ ಸುಳ್ಳು ಹೇಳಿದರು ಅನ್ನೋ ಗಲಾಟೆ. ರಾಜಕೀಯ ಬೇಕಾದಷ್ಟು ಬೆರೆತಿತ್ತು. ಡಾಯ್ಚ್ ಅವರದು ಹಾಗಲ್ಲ. ಅವರದು ಕಂಪ್ಯೂಟರ್, ಮೆಮೊರಿ ಕಾರ್ಡ್, ಮನೆಯ ಇಂಟರ್ನೆಟ್ ಕನೆಕ್ಷನ್. ಅಂದರೆ ನಮ್ಮ ಸಿಲಬಸ್.

ಕ್ಲಿಯರೆನ್ಸ್ ಅನ್ನೋದು ಅಮೆರಿಕದಲ್ಲಿ ಬಹಳ ದೊಡ್ಡ ವ್ಯವಸ್ಥೆ. 2019ರ ಸರ್ಕಾರಿ ಲೆಕ್ಕದ ಪ್ರಕಾರ 40 ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಅರ್ಹರು ಅಂತ ತೀರ್ಮಾನ ಆಗಿತ್ತು. ಅವರೆಲ್ಲ ಗೂಢಚಾರರೇನಲ್ಲ. ವಿಮಾನದ ಭಾಗ ಮಾಡುವ ಕಂಪನಿಯ ಮೆಕ್ಯಾನಿಕಲ್ ಇಂಜಿನಿಯರ್, ರೇಡಾರ್ ಸಾಫ್ಟ್‌ವೇರ್ ಬರೆಯೋರು, ಹಡಗಿಗೆ ವೆಲ್ಡಿಂಗ್ ಮಾಡೋರು, ಎಲ್ಲರೂ ಇರ್ತಾರೆ. ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಅಂತ ಮೂರು ಹಂತ. ಟಾಪ್ ಸೀಕ್ರೆಟ್ ಕ್ಲಿಯರೆನ್ಸ್ ಇದ್ದ ಮಾತ್ರಕ್ಕೆ ಎಲ್ಲ ಟಾಪ್ ಸೀಕ್ರೆಟ್ ಕಾಗದ ನೋಡಬಹುದು ಅಂತೇನೂ ಇಲ್ಲ. ನಿಮ್ಮ ಕೆಲಸಕ್ಕೆ ಆ ಕಾಗದ ನಿಜವಾಗಿ ಬೇಕು ಅನ್ನೋದು ಬೇರೆ ಸಾಬೀತಾಗಬೇಕು, ರಹಸ್ಯ ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಿರಬೇಕು. ನಮ್ಮ ಊರಿನಿಂದ ಹೋಗಿ ಅಲ್ಲಿ ಎಂ.ಎಸ್. ಮಾಡಿ ಕೆಲಸ ಹುಡುಕುವ ಸೀನಿಯರ್‌ಗಳಿಗೆ ಇದರ ಬಿಸಿ ಗೊತ್ತು. ಏರೋಸ್ಪೇಸ್ ಕೆಲಸದ ಎಷ್ಟೋ ಜಾಹೀರಾತುಗಳ ಕೊನೆಗೆ 'ಅಮೆರಿಕದ ಪ್ರಜೆಯಾಗಿರಬೇಕು, ಕ್ಲಿಯರೆನ್ಸ್ ಪಡೆಯಲು ಅರ್ಹರಾಗಿರಬೇಕು' ಅನ್ನೋ ಸಾಲು ಇರುತ್ತೆ. ಅಲ್ಲಿಗೆ ಅರ್ಜಿಯ ಕಥೆ ಮುಗೀತು.

ಈಗ ಡಾಯ್ಚ್ ವಿಷಯಕ್ಕೆ ಬರೋಣ. 1938ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಹುಟ್ಟಿದವರು. ಎಂಐಟಿಯಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದಿ (ಕೆಮಿಕಲ್ ಬ್ರಾಂಚಿನವರು ಕಾಲರ್ ಏರಿಸಿಕೊಳ್ಳಬಹುದು), ಅಲ್ಲೇ ಭೌತ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ, ಅಲ್ಲೇ ಪ್ರೊಫೆಸರ್ ಆಗಿ, ಪ್ರೊವೋಸ್ಟ್ ಕೂಡ ಆದರು. ಕ್ಲಿಂಟನ್ ಕಾಲದಲ್ಲಿ ರಕ್ಷಣಾ ಇಲಾಖೆಗೆ ಹೋಗಿ ಅಲ್ಲಿ ಎರಡನೇ ಸ್ಥಾನದವರೆಗೆ ಏರಿದರು. 1995ರ ಮೇ ತಿಂಗಳಿಂದ 1996ರ ಡಿಸೆಂಬರ್‌ವರೆಗೆ ಸಿಐಎ ಮುಖ್ಯಸ್ಥರು. ಆಗ ಆ ಹುದ್ದೆ ಅಂದರೆ ಇಡೀ ಗುಪ್ತಚರ ವ್ಯವಸ್ಥೆಗೇ ಯಜಮಾನಿಕೆ. ಗುಪ್ತಚರ ಮೂಲಗಳನ್ನೂ ವಿಧಾನಗಳನ್ನೂ ಕಾಪಾಡುವ ಹೊಣೆಯನ್ನು 1947ರ ಕಾನೂನು ಆ ಕುರ್ಚಿಯ ಮೇಲೇ ಹಾಕಿತ್ತು. ಈ ಒಂದು ಮಾತು ನೆನಪಿಟ್ಟುಕೊಂಡು ಮುಂದೆ ಓದಿ.

ಅವರಿಗೆ ಮನೆಯಲ್ಲಿ ಕೂತು ಕೆಲಸ ಮಾಡುವ ಅಭ್ಯಾಸ. ಮ್ಯಾಕಿಂಟಾಷ್ ಅಂದರೆ ಇಷ್ಟ. ಸರ್ಕಾರವೇ ಅವರ ಮನೆಗೆ ಮ್ಯಾಕ್‌ಗಳನ್ನು ಹಾಕಿಕೊಟ್ಟಿತ್ತು. ಆದರೆ ಅವು ರಹಸ್ಯವಲ್ಲದ ಕೆಲಸಕ್ಕೆ ಮಾತ್ರ ಅಂತ ಗುರುತಾಗಿದ್ದ ಯಂತ್ರಗಳು. ಅವುಗಳಲ್ಲೇ ಮೇಲ್ ನೋಡ್ತಿದ್ದರು, ಬ್ಯಾಂಕ್ ಲೆಕ್ಕ ಬರೀತಿದ್ದರು, ಎಓಎಲ್ ಮೂಲಕ ಇಂಟರ್ನೆಟ್‌ಗೂ ಹೋಗ್ತಿದ್ದರು. ಅವುಗಳಲ್ಲೇ ಅಧ್ಯಕ್ಷರಿಗೆ ಹೋಗುವ ಟಿಪ್ಪಣಿಗಳನ್ನೂ ತಯಾರು ಮಾಡ್ತಿದ್ದರು. ದಿನಾ ಏನೇನಾಯಿತು ಅಂತ ಒಂದು ದಿನಚರಿ ಬೇರೆ, ಅದು ಬೆಳೀತಾ ಬೆಳೀತಾ ಸುಮಾರು ಸಾವಿರ ಪುಟ ಆಗಿತ್ತು. ಗುಪ್ತ ಕಾರ್ಯಾಚರಣೆಗಳ ವಿಷಯ, ಟಾಪ್ ಸೀಕ್ರೆಟ್ ಮಾಹಿತಿ, ಎಲ್ಲ ಒಂದೇ ಬುಟ್ಟಿಯಲ್ಲಿ. ಆ ಕಾಲದಲ್ಲಿ ಪೆನ್‌ಡ್ರೈವ್ ಇರಲಿಲ್ಲ. ಪಿಸಿಎಂಸಿಐಎ ಅಂತ ಒಂದು ಕಾರ್ಡ್ ಬರ್ತಿತ್ತು, ಕ್ರೆಡಿಟ್ ಕಾರ್ಡ್ ಅಗಲದ್ದು, ಸ್ವಲ್ಪ ದಪ್ಪ. ಅಂಥ ಕಾರ್ಡುಗಳಲ್ಲಿ ಈ ಫೈಲ್‌ಗಳು ಇರ್ತಿದ್ದವು.

ಸಿಕ್ಕಿಬಿದ್ದಿದ್ದು ಹೇಗೆ ಅನ್ನೋದು ಇನ್ನೂ ಚೆನ್ನಾಗಿದೆ. ಯಾವ ಶತ್ರು ದೇಶವೂ ಹ್ಯಾಕ್ ಮಾಡಲಿಲ್ಲ, ಯಾವ ಪತ್ರಕರ್ತನೂ ಬೆನ್ನು ಹತ್ತಲಿಲ್ಲ. 1996ರ ಡಿಸೆಂಬರ್‌ನಲ್ಲಿ ಕೆಲಸ ಬಿಡುವಾಗ, ಈ ಕಂಪ್ಯೂಟರ್‌ಗಳಲ್ಲಿ ನನ್ನ ಸ್ವಂತದ ಲೆಕ್ಕಪತ್ರ ಇದೆ, ಇವನ್ನು ನಾನೇ ಇಟ್ಟುಕೊಳ್ತೀನಿ ಅಂತ ಅವರೇ ಕೇಳಿದರು. ಕೊಡುವ ಮುಂಚೆ ಒಮ್ಮೆ ಪರೀಕ್ಷೆ ಮಾಡಬೇಕು ಅನ್ನೋದು ಮಾಮೂಲಿ ಕ್ರಮ. ಸಿಐಎಯ ಒಬ್ಬ ಕಂಪ್ಯೂಟರ್ ಭದ್ರತಾ ಸಿಬ್ಬಂದಿ ಮನೆಗೆ ಬಂದು ತೆರೆದು ನೋಡಿದರೆ, ಇರಬಾರದ್ದೆಲ್ಲ ಅಲ್ಲೇ ಇತ್ತು. ನಾವಾಗಿದ್ದರೆ ಅಲ್ಲೇ ಕಾಲು ನಡುಗ್ತಿತ್ತು. ತಮ್ಮ ಬಾಸ್‌ನ ಬಾಸ್‌ನ ಬಾಸ್‌ನ ಕಂಪ್ಯೂಟರಿನಲ್ಲಿ ಇಂಥದ್ದು ಸಿಕ್ಕಿದರೂ ಸುಮ್ಮನಿರದೆ ವರದಿ ಮಾಡಿದ ಆ ವ್ಯಕ್ತಿಗೆ ನಮ್ಮ ಕಡೆಯಿಂದ ಒಂದು ಸಲಾಂ.

ಆಮೇಲೆ ನಡೆದದ್ದನ್ನು ಓದುವಾಗ ನಮಗೆ ನಗುವೂ ಬಂತು, ಹೊಟ್ಟೆಯಲ್ಲಿ ಏನೋ ಆಯಿತು ಕೂಡ. ವಿಷಯ ಗೊತ್ತಾದ ಮೇಲೆ ಡಾಯ್ಚ್ ಒಂದು ಮೆಮೊರಿ ಕಾರ್ಡಿನಲ್ಲಿದ್ದ ಫೈಲ್‌ಗಳನ್ನು ಅಳಿಸಲು ನೋಡಿದರು. ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ಲಿಂಕ್ಡ್ ಲಿಸ್ಟ್ ಮಾಡಿದೀವಲ್ಲ, ಪಾಯಿಂಟರ್ ತೆಗೆದ ಕೂಡಲೇ ನೋಡ್ ಮೆಮೊರಿಯಿಂದ ಮಾಯ ಆಗಲ್ಲ. ಡಿಸ್ಕಿನಲ್ಲೂ ಹೆಚ್ಚುಕಮ್ಮಿ ಅದೇ. ಫೈಲ್ ಡಿಲೀಟ್ ಅಂದರೆ ಡೈರೆಕ್ಟರಿಯಿಂದ ಹೆಸರು ಹೊಡೆದು, ಆ ಜಾಗ ಖಾಲಿ ಇದೆ ಅಂತ ಬರೆಯೋದು. ಲೈಬ್ರರಿಯಲ್ಲಿ ಕ್ಯಾಟಲಾಗ್ ಕಾರ್ಡ್ ಹರಿದು ಹಾಕಿದ ಹಾಗೆ; ಪುಸ್ತಕ ಕಪಾಟಿನಲ್ಲೇ ಇರುತ್ತೆ. ಆ ಜಾಗದ ಮೇಲೆ ಬೇರೆ ಡೇಟಾ ಬರೆಯೋವರೆಗೂ ಹಳೇದು ಅಲ್ಲೇ ಕೂತಿರುತ್ತೆ. ತನಿಖೆ ಮಾಡಿದವರು ಅಳಿಸಿದ ಫೈಲ್‌ಗಳ ಭಾಗಗಳನ್ನೂ ಹೊರಗೆ ತೆಗೆದರು.

ಸ್ಟಿಕ್ಕರಿನ ವಿಷಯವೂ ಅಷ್ಟೇ. 'ಇದು ರಹಸ್ಯ ಕೆಲಸಕ್ಕಲ್ಲ' ಅಂತ ಯಂತ್ರದ ಮೇಲೆ ಬರೆಯೋದು ಆಫೀಸಿನವರ ಕಿರಿಕಿರಿ ಅಂತ ನಮಗೆ ಅನ್ನಿಸುತ್ತೆ. ಆದರೆ ರಹಸ್ಯ ಯಂತ್ರವನ್ನು ಹೊರಗಿನ ನೆಟ್‌ವರ್ಕಿಗೆ ತಂತಿಯೇ ಇಲ್ಲದ ಹಾಗೆ ಬೇರೆ ಇಡ್ತಾರೆ, ಯಾಕಂದರೆ ಇಂಟರ್ನೆಟ್ ಮುಟ್ಟಿದ ಯಂತ್ರದೊಳಗೆ ಯಾರು ಬಂದು ಹೋದರು ಅಂತ ಆಮೇಲೆ ಖಚಿತವಾಗಿ ಹೇಳೋದು ಬಹಳ ಕಷ್ಟ. ಡಾಯ್ಚ್ ವಿಷಯದಲ್ಲಿ ಆಗಿದ್ದೂ ಅದೇ. ಮಾಹಿತಿ ಸೋರಿದೆ ಅನ್ನೋದಕ್ಕೆ ಸ್ಪಷ್ಟ ಸಾಕ್ಷಿ ಸಿಗಲಿಲ್ಲ. ಸೋರಿಲ್ಲ ಅಂತ ಖಾತ್ರಿ ಮಾಡೋಕೂ ಆಗಲಿಲ್ಲ. ಒಂದು ರಹಸ್ಯ ಫೈಲ್ ಸಾಮಾನ್ಯ ಡಿಸ್ಕಿಗೆ ಬಿದ್ದರೆ ಇಡೀ ಡಿಸ್ಕನ್ನೇ ರಹಸ್ಯ ವಸ್ತು ಅಂತ ನೋಡಬೇಕಾಗುತ್ತೆ. ಹಾಲಿನ ಪಾತ್ರೆಗೆ ಒಂದು ಹನಿ ಹುಳಿ ಬಿದ್ದಂತೆ, ಆ ಹನಿಯನ್ನಷ್ಟೇ ಎತ್ತಿ ಹಾಕೋಕಾಗಲ್ಲ.

ಇಷ್ಟೆಲ್ಲ ಗೊತ್ತಾಗಿದ್ದು 1996ರಲ್ಲಿ. ಕ್ಲಿಯರೆನ್ಸ್ ಹೋಗಿದ್ದು ಯಾವಾಗ? 1999ರ ಆಗಸ್ಟ್‌ನಲ್ಲಿ! ನ್ಯಾಯ ಇಲಾಖೆಗೆ ವಿಷಯ ತಲುಪಿದ್ದೇ 1998ರಲ್ಲಿ. 1999ರ ಏಪ್ರಿಲ್‌ನಲ್ಲಿ ಅಟಾರ್ನಿ ಜನರಲ್ ಜಾನೆಟ್ ರೆನೋ ಮೊಕದ್ದಮೆ ಹಾಕಲ್ಲ ಅಂದರು. ಆಮೇಲೆ ಸಿಐಎ ಮುಖ್ಯಸ್ಥ ಜಾರ್ಜ್ ಟೆನೆಟ್ ಅನಿರ್ದಿಷ್ಟ ಕಾಲಕ್ಕೆ ಕ್ಲಿಯರೆನ್ಸ್ ಅಮಾನತು ಮಾಡಿದರು. ಟೆನೆಟ್ ಯಾರು ಗೊತ್ತಾ? ಡಾಯ್ಚ್ ಮುಖ್ಯಸ್ಥರಾಗಿದ್ದಾಗ ಅವರ ಕೈಕೆಳಗೆ ಉಪಮುಖ್ಯಸ್ಥರಾಗಿದ್ದವರು. ಡಾಯ್ಚ್ ತಪ್ಪು ಒಪ್ಪಿಕೊಂಡು ವಿಷಾದ ವ್ಯಕ್ತಪಡಿಸಿದರು. ಮಾಹಿತಿಗೆ ಅಪಾಯ ಆಗಬಹುದು ಅಂತ ತಮಗೆ ಹೊಳೆದಿರಲಿಲ್ಲ ಅಂದರು. ನಮ್ಮ ಮೆಂಟರ್ ನೆನಪಿಸಿದ್ದು ಈ ಮಾತನ್ನೇ.

ಇಲ್ಲಿ ನಮ್ಮ ಗ್ಯಾಂಗಿನಲ್ಲೇ ಒಂದು ಜಗಳ ಆಯಿತು. ಕೇಸೇ ಹಾಕಲ್ಲ ಅಂದಮೇಲೆ ಕ್ಲಿಯರೆನ್ಸ್ ಕಿತ್ತುಕೊಳ್ಳೋದು ಯಾವ ನ್ಯಾಯ ಅಂತ ಒಬ್ಬ. ಅವನ ಪ್ರಶ್ನೆಗೆ ಉತ್ತರ ಹುಡುಕಿದಾಗಲೇ ನಮಗೆ ಈ ವ್ಯವಸ್ಥೆ ಅರ್ಥ ಆಗಿದ್ದು.

ಕ್ಲಿಯರೆನ್ಸ್ ಹಕ್ಕಲ್ಲ. 1988ರ 'ನೇವಿ ಇಲಾಖೆ ವರ್ಸಸ್ ಈಗನ್' ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿ ಹೇಳಿತು. ಕ್ರಿಮಿನಲ್ ಕೋರ್ಟು ಹಿಂದಕ್ಕೆ ನೋಡುತ್ತೆ: ಅಪರಾಧ ಆಯಿತಾ, ಸಂಶಯಕ್ಕೆ ಎಡೆ ಇಲ್ಲದಂತೆ ಸಾಬೀತಾಯಿತಾ. ಸಂಶಯ ಇದ್ದರೆ ಆರೋಪಿಗೆ ಲಾಭ. ಕ್ಲಿಯರೆನ್ಸ್ ತೀರ್ಮಾನ ಮುಂದಕ್ಕೆ ನೋಡುತ್ತೆ: ನಾಳೆ ಇವರ ಕೈಗೆ ಇನ್ನೊಂದು ಗುಟ್ಟು ಕೊಡಬಹುದಾ? ಇಲ್ಲಿ ಸಂಶಯ ಇದ್ದರೆ ದೇಶಕ್ಕೆ ಲಾಭ. ಹಾಗಾಗಿ ಹಾನಿ ಆಗಲೇಬೇಕು ಅಂತಿಲ್ಲ, ಕೆಟ್ಟ ಉದ್ದೇಶ ಇರಲೇಬೇಕು ಅಂತಲೂ ಇಲ್ಲ. ಡ್ರೈವಿಂಗ್ ಲೈಸೆನ್ಸಿಗೆ ಹೋಲಿಸೋಣ ಅಂತ ಹೊರಟೆವು, ಆದರೆ ಅದೂ ಪೂರ್ತಿ ಹೊಂದಲ್ಲ. ಮನೆ ಬೀಗದ ಕೈಯನ್ನು ಪಕ್ಕದ ಮನೆ ಆಂಟಿ ಹತ್ತಿರ ಕೊಟ್ಟು ಊರಿಗೆ ಹೋಗೋದಕ್ಕೆ ಇದು ಹತ್ತಿರ. ಅವರು ಕೀನ ಬಾಗಿಲಲ್ಲೇ ಬಿಟ್ಟು ಮಾರ್ಕೆಟ್‌ಗೆ ಹೋಗಿದ್ದರು ಅಂತ ಗೊತ್ತಾದರೆ, ಏನೂ ಕಳುವಾಗದಿದ್ದರೂ ಮುಂದಿನ ಸಲ ಅಮ್ಮ ಅವರಿಗೆ ಕೀ ಕೊಡಲ್ಲ. ಪೊಲೀಸ್ ಕಂಪ್ಲೇಂಟೂ ಕೊಡಲ್ಲ.

ಈ ತೀರ್ಮಾನಕ್ಕೆ ಅವರ ಹತ್ತಿರ 13 ಮಾರ್ಗಸೂಚಿಗಳಿವೆ, ಇಂಗ್ಲಿಷ್ ಅಕ್ಷರಮಾಲೆಯ ಎ ಇಂದ ಎಂ ವರೆಗೆ. ಸಾಲ, ಕುಡಿತ, ಡ್ರಗ್ಸ್, ವಿದೇಶಿ ನಂಟು, ಎಲ್ಲದಕ್ಕೂ ಒಂದೊಂದು. ಕೆ ಅನ್ನೋದು ರಕ್ಷಿತ ಮಾಹಿತಿಯನ್ನು ನೋಡಿಕೊಳ್ಳುವ ರೀತಿಯ ಬಗ್ಗೆ, ಎಂ ಅನ್ನೋದು ಕಂಪ್ಯೂಟರ್ ಬಳಕೆಯ ಬಗ್ಗೆ. ಅನುಮತಿ ಇಲ್ಲದ ಯಂತ್ರದಲ್ಲಿ ರಹಸ್ಯ ಮಾಹಿತಿ ಬರೆಯೋದು, ಸಂಗ್ರಹಿಸೋದು, ಮನೆಗೆ ಒಯ್ಯೋದು, ಬುದ್ಧಿ ಹೇಳಿದ ಮೇಲೂ ಅದನ್ನೇ ಮಾಡೋದು: ಇವೆಲ್ಲ ಕೆ ಪಟ್ಟಿಯಲ್ಲಿವೆ. ಅದೇ ಪಟ್ಟಿಯಲ್ಲಿ ಬಚಾವಾಗುವ ದಾರಿಗಳೂ ಇವೆ, ನಮಗೆ ಇಷ್ಟ ಆಗಿದ್ದು ಅದು. ತಪ್ಪಾಗಿ ಬಹಳ ಕಾಲ ಆಗಿ ಮತ್ತೆ ಆಗಿಲ್ಲದಿದ್ದರೆ, ಸರಿಯಾದ ತರಬೇತಿಯನ್ನೇ ಕೊಟ್ಟಿರದಿದ್ದರೆ, ಅಚಾತುರ್ಯದಿಂದ ಆಗಿ ಆದ ಕೂಡಲೇ ತಾನೇ ಹೋಗಿ ಹೇಳಿದ್ದರೆ, ಅದನ್ನು ಪರವಾಗಿ ಎಣಿಸ್ತಾರೆ.

ಕೊನೆಯದು ನೋಡೋಕೆ ಸಣ್ಣದು. ಆದರೆ ಅಲ್ಲೇ ಹೆಚ್ಚು ಜನ ಎಡವೋದು ಅನ್ನಿಸುತ್ತೆ. ಸಿಸ್ಟಮ್ ಲ್ಯಾಬಿನಲ್ಲಿ ಕೆಪಾಸಿಟರ್ ಸುಟ್ಟರೆ ನಾವು ಏನು ಮಾಡ್ತೀವಿ? ಪಕ್ಕದ ಟೇಬಲ್ಲಿನ ಬೋರ್ಡ್ ಜೊತೆ ಅದಲುಬದಲು ಮಾಡಿ ಮುಖ ಆ ಕಡೆ ತಿರುಗಿಸ್ತೀವಿ. ಸುಟ್ಟ ಕೆಪಾಸಿಟರಿಗೆ ಐದು ರೂಪಾಯಿ. ಬಚ್ಚಿಟ್ಟಿದ್ದು ಗೊತ್ತಾದಾಗ ಮೇಷ್ಟ್ರ ಕಣ್ಣಲ್ಲಿ ಬೀಳೋ ಬೆಲೆ ಬೇರೆ.

ರಕ್ಷಣಾ ಇಲಾಖೆಯ ಕಾಂಟ್ರಾಕ್ಟ್ ಕಂಪನಿಗಳಲ್ಲಿ ಕೆಲಸ ಮಾಡುವ ಸಾಮಾನ್ಯ ಇಂಜಿನಿಯರ್‌ಗಳಿಗೆ ಒಂದು ಅಪೀಲಿನ ದಾರಿಯೂ ಇದೆ. ಯಾಕೆ ಕ್ಲಿಯರೆನ್ಸ್ ಕೊಡಲ್ಲ ಅನ್ನೋ ಕಾರಣಗಳ ಪತ್ರ ಮೊದಲು ಮನೆಗೆ ಬರುತ್ತೆ. ಒಂದೊಂದು ಆರೋಪಕ್ಕೂ ಹೌದು ಅಥವಾ ಇಲ್ಲ ಅಂತ, ಪ್ರಮಾಣ ಮಾಡಿ, ಲಿಖಿತ ಉತ್ತರ ಕೊಡಬೇಕು. ಬೇಕಾದರೆ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳಬಹುದು, ಸಾಕ್ಷಿ ಕರೆಸಬಹುದು. ಆ ತೀರ್ಪುಗಳು ಹೆಸರು ತೆಗೆದು ಸಾರ್ವಜನಿಕವಾಗಿ ಸಿಗುತ್ತವೆ. ಕೆಲವನ್ನು ಓದಿದೆವು. ಓದೋಕೆ ನೀರಸ, ಆದರೆ ಹಿಂದೆ ಒಂದೊಂದು ಸಂಸಾರ ಇದೆ. ಕ್ಲಿಯರೆನ್ಸ್ ಇಲ್ಲದೆ ಆ ಕೆಲಸವೇ ಇಲ್ಲ ಅನ್ನೋ ಕಡೆ, ಕ್ಲಿಯರೆನ್ಸ್ ಹೋದರೆ ಇಪ್ಪತ್ತು ವರ್ಷದ ಅನುಭವ ಹೊರಗಡೆ ಅಷ್ಟು ಸುಲಭವಾಗಿ ಬೆಲೆ ಬಾಳಲ್ಲ. ಡಾಯ್ಚ್ ಅವರಿಗೆ ಹಾಗಾಗಲಿಲ್ಲ. ಎಂಐಟಿಯ ಪ್ರೊಫೆಸರ್ ಕುರ್ಚಿ ಹಾಗೇ ಇತ್ತು.

ಇದನ್ನು ಹೇಳುವಾಗ ಇನ್ನೊಬ್ಬರ ಹೆಸರು ಹೇಳದಿದ್ದರೆ ಮೋಸ ಆಗುತ್ತೆ. ಅದೇ 1999ರಲ್ಲಿ ಲಾಸ್ ಅಲಾಮೋಸ್ ಲ್ಯಾಬಿನಲ್ಲಿ ವೆನ್ ಹೋ ಲೀ ಅನ್ನೋ ವಿಜ್ಞಾನಿ ಇದ್ದರು. ತೈವಾನಿನಲ್ಲಿ ಹುಟ್ಟಿದವರು, ಮೆಕ್ಯಾನಿಕಲ್ ಇಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ, ಅಮೆರಿಕದ ಪ್ರಜೆ. ಅಣ್ವಸ್ತ್ರಕ್ಕೆ ಸಂಬಂಧಪಟ್ಟ ಕಂಪ್ಯೂಟರ್ ಫೈಲ್‌ಗಳನ್ನು ಸುರಕ್ಷಿತ ವ್ಯವಸ್ಥೆಯಿಂದ ಸಾಮಾನ್ಯ ನೆಟ್‌ವರ್ಕಿಗೆ ದಾಟಿಸಿ ಟೇಪ್‌ಗಳಿಗೆ ನಕಲು ಮಾಡಿಕೊಂಡಿದ್ದರು. ಅದು ನಿಜವಾಗಲೂ ದೊಡ್ಡ ತಪ್ಪೇ, ಅದರಲ್ಲಿ ನಮಗೆ ಸಂಶಯ ಇಲ್ಲ. ಮಾರ್ಚ್‌ನಲ್ಲಿ ಕೆಲಸ ಹೋಯಿತು. ಚೀನಾಕ್ಕೆ ರಹಸ್ಯ ಕೊಟ್ಟಿರಬಹುದು ಅಂತ ಪತ್ರಿಕೆಗಳೆಲ್ಲ ಬರೆದವು. ಡಿಸೆಂಬರ್‌ನಲ್ಲಿ 59 ಆರೋಪ ಹೊರಿಸಿ ಅರೆಸ್ಟ್ ಮಾಡಿದರು. ಒಂಟಿ ಕೋಣೆಯಲ್ಲಿ ಇಟ್ಟರು, ಒಟ್ಟು 278 ದಿನ. ಬೇಹುಗಾರಿಕೆಯ ಆರೋಪ ಹೊರಿಸೋಕೆ ಆಗಲೇ ಇಲ್ಲ. 2000ದ ಸೆಪ್ಟೆಂಬರ್‌ನಲ್ಲಿ ಒಂದೇ ಒಂದು ಆರೋಪ ಒಪ್ಪಿಕೊಂಡರು, ಮಿಕ್ಕ 58 ಬಿದ್ದುಹೋದವು. ಅವರನ್ನು ಹಾಗೆ ಜೈಲಿನಲ್ಲಿಟ್ಟಿದ್ದಕ್ಕೆ ನ್ಯಾಯಾಧೀಶ ಜೇಮ್ಸ್ ಪಾರ್ಕರ್ ತೆರೆದ ಕೋರ್ಟಿನಲ್ಲೇ ಕ್ಷಮೆ ಕೇಳಿದರು.

ಇಬ್ಬರ ತಪ್ಪೂ ಒಂದೇ ತೂಕದ್ದಾ ಅಂತ ಅಳೆಯೋಕೆ ನಾವು ಯಾರು? ಟೇಪ್ ಮಾಡಿದ ರೀತಿ ಬೇರೆ, ದಿನಚರಿ ಬರೆದ ರೀತಿ ಬೇರೆ. ಆದರೆ ಒಬ್ಬರಿಗೆ ಒಂಟಿ ಸೆಲ್ಲು, ಇನ್ನೊಬ್ಬರಿಗೆ ಮೂರು ವರ್ಷ ತಡವಾಗಿ ಒಂದು ಅಮಾನತಿನ ಪತ್ರ. ಆಗಲೇ ಅಮೆರಿಕದಲ್ಲಿ ಜನ ಈ ಪ್ರಶ್ನೆ ಕೇಳಿದರು. 2000ದ ಫೆಬ್ರವರಿಯಲ್ಲಿ ಸಿಐಎಯ ಆಂತರಿಕ ತನಿಖಾ ವರದಿ ಹೊರಬಿದ್ದ ಮೇಲೆ, ಡಾಯ್ಚ್ ಕೇಸನ್ನು ಯಾಕೆ ಇಷ್ಟು ನಿಧಾನ ಮಾಡಿದಿರಿ ಅಂತ ಸಂಸತ್ತಿನ ಸಮಿತಿ ಟೆನೆಟ್ ಅವರನ್ನು ಕೂರಿಸಿ ಕೇಳಿತು. ನ್ಯಾಯ ಇಲಾಖೆ ಕೇಸನ್ನು ಮತ್ತೆ ತೆರೆಯಿತು. ಡಾಯ್ಚ್ ಒಂದು ಸಣ್ಣ ಅಪರಾಧ ಒಪ್ಪಿಕೊಂಡು 5,000 ಡಾಲರ್ ದಂಡ ಕಟ್ಟಲು ರಾಜಿಯಾದರು, 2001ರ ಜನವರಿ 19ರಂದು. ಮಾರನೇ ದಿನ ಕ್ಲಿಂಟನ್ ಅವರ ಅಧಿಕಾರದ ಕೊನೇ ದಿನ. ಹೋಗುವ ಮುಂಚೆ ಕ್ಷಮಾದಾನಕ್ಕೆ ಸಹಿ ಹಾಕಿದರು, ಆ ಪಟ್ಟಿಯಲ್ಲಿ ಡಾಯ್ಚ್ ಹೆಸರೂ ಇತ್ತು. ದಂಡವೂ ಇಲ್ಲ, ಕೇಸೂ ಇಲ್ಲ.

ನಮ್ಮ ಫೋಟೋ ವಿಷಯ ಅರ್ಧಕ್ಕೇ ನಿಂತಿತ್ತು. ಈ ಡಿಲೀಟ್ ಭಾಗ ಓದ್ತಿದ್ದಾಗ ನಮ್ಮಲ್ಲಿ ಒಬ್ಬಳಿಗೆ ತಟ್ಟನೆ ಹೊಳೆಯಿತು: ಗ್ಯಾಲರಿಯಿಂದ ತೆಗೆದಿದ್ದೀವಿ, ಗೂಗಲ್ ಫೋಟೋಸ್‌ನಲ್ಲಿ? ತೆಗೆದು ನೋಡಿದರೆ ಟ್ರ್ಯಾಶ್‌ನಲ್ಲಿ ಆರಾಮಾಗಿ ಮಲಗಿತ್ತು. ಬ್ಯಾಕಪ್ ಆದ ಫೋಟೋ ಅಲ್ಲಿ 60 ದಿನ ಇರುತ್ತೆ. ಇನ್ನೊಬ್ಬನ ವಾಟ್ಸಾಪ್ ಚಾಟ್ ಬ್ಯಾಕಪ್‌ನಲ್ಲಿ ಮತ್ತೊಂದು ಕಾಪಿ. ಸುಮ್ಮನೆ ಅಳಿಸಿಬಿಡೋಣ ಮಗಾ, ಯಾರಿಗೆ ಗೊತ್ತಾಗುತ್ತೆ ಅಂತ ಒಬ್ಬ ಅಂದ. ಅರ್ಧ ಗಂಟೆ ಚರ್ಚೆ ನಡೆಯಿತು. ಕೊನೆಗೆ ಮೆಂಟರ್‌ಗೆ ಫೋನ್ ಮಾಡಿ, ಸರ್, ಇನ್ನೂ ಎರಡು ಕಡೆ ಇದೆ, ಏನು ಮಾಡಬೇಕು ಅಂತ ಕೇಳಿದೆವು. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ. "ನಾಳೆ ಫೋನ್ ತಗೊಂಡು ಬನ್ನಿ, ಐಟಿಯವರ ಮುಂದೆ ತೆಗೆಸೋಣ" ಅಂದರು. ಮಾರನೇ ದಿನ ತೆಗೆಸಿದರು. ಸಂಜೆ ನಮ್ಮ ಲಾಗಿನ್ ಮತ್ತೆ ಚಾಲು ಆಯಿತು.